ಕಂಪನಿ ಮಾಲು

ಹಳೆಯ ಯೆಜ್ಡಿ ಓಡಿಸುವವನಿಗೆ ಯಶವಂತಪುರದ ಸಿಗ್ನಲ್ಲಿನಲ್ಲಿ ಜನ ಕೇಳುವ ಪ್ರಶ್ನೆಗಳು ಎರಡೇ. ಒಂದು, "ಕೊಡ್ತೀರಾ ಸಾರ್?" ಇನ್ನೊಂದು, "ಪಾರ್ಟ್ಸ್ ಸಿಗುತ್ತಾ?" ಮೊದಲನೆಯದಕ್ಕೆ ನಕ್ಕು ತಲೆಯಾಡಿಸಿದರೆ ಮುಗಿಯಿತು, ಹೆಲ್ಮೆಟ್ಟಿನೊಳಗಿನ ತಲೆ ಯಾವ ಕಡೆಗೆ ಆಡಿತೆಂದು ಕೇಳಿದವರಿಗೆ ತಿಳಿಯುವುದಿಲ್ಲ. ಎರಡನೆಯದಕ್ಕೆ ಉತ್ತರ ಹೇಳಿ ಮುಗಿಸುವಷ್ಟು ಉದ್ದದ ಕೆಂಪು ದೀಪ ಬೆಂಗಳೂರಿನಲ್ಲೂ ಇಲ್ಲ.

ನನ್ನದು 250 ಸಿಸಿಯ ಕ್ಲಾಸಿಕ್. ನನ್ನದು ಅನ್ನುವುದು ಆರ್‌ಸಿಯ ಮಾತು. ಮತ್ತಿಕೆರೆಯ ನಮ್ಮ ಬೀದಿಯ ಹಳಬರ ಪಾಲಿಗೆ ಅದು ಈಗಲೂ ಚಿಕ್ಕಪ್ಪನ ಗಾಡಿ. ಚಿಕ್ಕಪ್ಪ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದವರು. ಆಗಿನ ಮತ್ತಿಕೆರೆ ಶಿಫ್ಟುಗಳ ಮೇಲೆ ನಡೆಯುತ್ತಿದ್ದ ಊರು. ಒಂದು ಮನೆ ಎಚ್‌ಎಂಟಿ ಆದರೆ ಪಕ್ಕದ್ದು ಬಿಇಎಲ್; ಹೆಣ್ಣು ಕೊಡಲು ಬಂದವರು ಹುಡುಗನ ಜಾತಕಕ್ಕಿಂತ ಮೊದಲು ಶಿಫ್ಟು ವಿಚಾರಿಸುತ್ತಿದ್ದರು. ಫ್ಯಾಕ್ಟರಿ ಬಸ್ಸು ಬೀದಿಯ ತುದಿಗೇ ಬರುತ್ತಿದ್ದರೂ ಚಿಕ್ಕಪ್ಪ ಸೊಸೈಟಿಯಲ್ಲಿ ಸಾಲ ಎತ್ತಿ ಯೆಜ್ಡಿ ಕೊಂಡರು. ಗೇರು ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ ಎಂಬುದನ್ನು ಬಂದ ನೆಂಟರಿಗೆಲ್ಲ ತೋರಿಸಿ, ಅವರು ಬೆರಗಾಗುವವರೆಗೆ ಕಾಫಿ ಕೊಡಿಸುತ್ತಿರಲಿಲ್ಲ.

ತಿಂಗಳಿಗೊಂದು ಭಾನುವಾರ ಚೈನಿನ ಕೆಲಸ ಇರುತ್ತಿತ್ತು. ಬಿಚ್ಚಿದ ಚೈನನ್ನು ಸೀಮೆಎಣ್ಣೆಯಲ್ಲಿ ಬ್ರಶ್ಶಿನಿಂದ ತಿಕ್ಕಿ ಒಣಗಿಸುವುದು, ಹಳೆಯ ಬಾಣಲೆಯಲ್ಲಿ ಗ್ರೀಸು ಕರಗಿಸಿ ಅದಕ್ಕಿಷ್ಟು ಗ್ರಾಫೈಟ್ ಪುಡಿ ಸೇರಿಸುವುದು, ಚೈನನ್ನು ಸುರುಳಿ ಸುತ್ತಿ ಅದರಲ್ಲಿ ಮುಳುಗಿಸುವುದು. ಕೊಂಡಿಗಳೊಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದು, ಗುಳ್ಳೆ ನಿಂತ ಮೇಲೆ ಕಂಬಿಗೆ ನೇತುಹಾಕಿ ತೊಟ್ಟಿಕ್ಕಲು ಬಿಡುವುದು. ಆ ಬಾಣಲೆ ಒಂದು ಕಾಲದಲ್ಲಿ ಚಿಕ್ಕಮ್ಮನ ಚಕ್ಕುಲಿಯ ಬಾಣಲೆಯಾಗಿತ್ತು. ಅದು ಯಾವಾಗ ಇಲಾಖೆ ಬದಲಾಯಿಸಿತು ಎಂಬ ಬಗ್ಗೆ ದಂಪತಿಗಳಲ್ಲಿ ಕೊನೆಯವರೆಗೂ ಒಮ್ಮತ ಮೂಡಲಿಲ್ಲ.

ಬಾಣಲೆಗೆ ಇಳಿಸುವ ಮೊದಲು ಅಳತೆ. ಪೇಪರಿನ ಮೇಲೆ ಚೈನು ಚಾಚಿ ಇಂಚುಪಟ್ಟಿ ಇಡುತ್ತಿದ್ದರು. ಒಂದೊಂದು ಕೊಂಡಿ ಸರಿಯಾಗಿ ಅರ್ಧ ಇಂಚು. ಇಪ್ಪತ್ತು ಕೊಂಡಿಗೆ ಹತ್ತು ಇಂಚು. ಹತ್ತೂಕಾಲಕ್ಕೆ ಬಂದರೆ ಆ ಚೈನು ನಿವೃತ್ತ. ಚೈನು ಎಳೆದುಕೊಂಡಿದೆ ಎಂದು ಎಲ್ಲರೂ ಅನ್ನುತ್ತಾರೆ. ಅಸಲಿಗೆ ಅದರ ಪಟ್ಟಿಗಳು ಎಲ್ಲೂ ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನು, ಬುಷ್ಷು ಕಣ್ಣಿಗೆ ಕಾಣದಷ್ಟು ಸವೆದು, ನೂರಕ್ಕೂ ಮಿಕ್ಕಿದ ಕೊಂಡಿಗಳ ಸವಕಳಿ ಕೂಡಿಕೊಂಡು ಇಂಚಿನ ಲೆಕ್ಕಕ್ಕೆ ಬರುತ್ತದೆ. ಹೀಗೆ ಉದ್ದವಾದ ಚೈನು ಸ್ಪ್ರಾಕೆಟ್ಟಿನ ಹಲ್ಲುಗಳ ಬುಡದಲ್ಲಿ ಕೂರಲಾರದೆ ಮೇಲಕ್ಕೆ ಹತ್ತುತ್ತದೆ, ಹಲ್ಲನ್ನು ಒಂದೇ ಪಕ್ಕದಿಂದ ತಿಂದು ಕೊಕ್ಕೆ ಮಾಡುತ್ತದೆ. ಆ ಕೊಕ್ಕೆ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಅದೂ ಬೇಗ ಹಾಳು. ಅದಕ್ಕೇ ಬದಲಾಯಿಸಿದರೆ ಚೈನು, ಮುಂದಿನ ಸ್ಪ್ರಾಕೆಟ್ಟು, ಹಿಂದಿನ ಸ್ಪ್ರಾಕೆಟ್ಟು ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದನ್ನು ಉಳಿಸಿ ದುಡ್ಡು ಉಳಿಸಿದೆ ಅನ್ನುವವನು ಆರೇ ತಿಂಗಳಿಗೆ ಮತ್ತೆ ಮೆಕ್ಯಾನಿಕ್ಕಿನ ಮುಂದೆ ಸ್ಟೂಲಿನ ಮೇಲೆ ಕೂತಿರುತ್ತಾನೆ.

ಕ್ಲಾಸಿಕ್‌ನ ಚೈನು ಹೊರಗೆ ಕಾಣುವುದಿಲ್ಲ. ಅದಕ್ಕೆ ತಗಡಿನ ಪೂರ್ತಿ ಕವರು, ಕವರಿನಿಂದ ಇಂಜಿನ್ನಿನವರೆಗೆ ಮೇಲೊಂದು ಕೆಳಗೊಂದು ರಬ್ಬರು. ಧೂಳಿಗೆ ಪ್ರವೇಶವಿಲ್ಲ, ಸೀರೆಯ ಸೆರಗಿಗೂ ಇಲ್ಲ. ಈಚಿನ ಹುಡುಗರು ಚಂದಕ್ಕೆಂದು ಆ ಕವರನ್ನೇ ಕಿತ್ತೆಸೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಚ್ಚಿದ ಕವರಿನೊಳಗೆ ಏನು ನಡೆದಿದೆ ಎಂದು ತಿಳಿಯುವುದು ಮಾತ್ರ ಕಿವಿಯಿಂದಲೇ. ನನ್ನ ಕಿವಿಗೆ ಸುದ್ದಿ ಮುಟ್ಟಿದ್ದು ಬಿಇಎಲ್ ವೃತ್ತದ ಹತ್ತಿರ, ಕಟಕಟ ಎಂದು. ಎರಡು ಸೈಲೆನ್ಸರುಗಳ ಗದ್ದಲದ ನಡುವೆಯೂ ಅದು ಕೇಳಿತೆಂದರೆ ಒಳಗೆ ವ್ಯವಹಾರ ಕೈಮೀರಿದೆ ಎಂದೇ ಅರ್ಥ.

ನಮ್ಮ ಮೇಸ್ತ್ರಿ ಕವರು ಬಿಚ್ಚಿ, ಟಾರ್ಚು ಹಾಕಿ ನೋಡಿ, "ಹಲ್ಲೆಲ್ಲಾ ಹೋಗಿದೆ ಸಾರ್" ಅಂದ. ಈ ಗಾಡಿಯಲ್ಲಿ ಚೈನು, ಸ್ಪ್ರಾಕೆಟ್ಟು ಇದ್ದಲ್ಲೇ ಇರುವಾಗ ಹಿಂದಿನ ಚಕ್ರವನ್ನಷ್ಟೇ ಹೊರಗೆಳೆಯಬಹುದು; ಪಂಕ್ಚರ್ ಹಾಕುವವರು ಆಶೀರ್ವದಿಸುವ ವ್ಯವಸ್ಥೆ. ಇವತ್ತಿನ ಎಷ್ಟೋ ದುಬಾರಿ ಬೈಕುಗಳಲ್ಲಿ ಇದಿಲ್ಲ ಎಂದು ಅವನೊಂದು ಸಣ್ಣ ಭಾಷಣ ಮಾಡಿದ. ನಾನು ತಲೆಯಾಡಿಸಿದೆ. ಹಳೆಯ ಗಾಡಿಯನ್ನು ಹೊಗಳಿದ ಮೆಕ್ಯಾನಿಕ್ಕಿನ ಜೊತೆ ಚೌಕಾಸಿ ಮಾಡುವ ಎದೆ ಯಾರಿಗಿದೆ?

ಹುಡುಕಾಟವನ್ನು ಮನೆಯ ಹತ್ತಿರದಿಂದಲೇ ಶುರುಮಾಡುವುದು ಸಭ್ಯತೆ. ಮತ್ತಿಕೆರೆ ಮುಖ್ಯರಸ್ತೆಯ ಸ್ಪೇರ್ಸ್ ಅಂಗಡಿಯೊಂದರಲ್ಲಿ ಕಾಲೇಜು ಮುಗಿಸಿದ ಹಾಗೆ ಕಾಣುವ ಹುಡುಗ ಕೂತಿದ್ದ. ಮೇಸ್ತ್ರಿ ಬಿಚ್ಚಿಕೊಟ್ಟ ಹಿಂದಿನ ಸ್ಪ್ರಾಕೆಟ್ಟು ತೋರಿಸಿ, ಯೆಜ್ಡಿ ಚೈನ್ ಸ್ಪ್ರಾಕೆಟ್ ಅಂದೆ.

"ಬಿಎಸ್ ಫೋರಾ, ಬಿಎಸ್ ಸಿಕ್ಸಾ ಅಂಕಲ್?"

"ಇದು ಬಿಎಸ್ ಹುಟ್ಟೋದಕ್ಕೆ ಮುಂಚಿನದಪ್ಪ."

ಅವನು ಮರ್ಯಾದಸ್ಥ. ಒಳಗೆ ಹೋಗಿ, ಫೋನಿನಲ್ಲಿ ಯಾರನ್ನೋ ಕೇಳಿ, "334 ಸಿಸೀದು ತರಿಸಿ ಕೊಡ್ಲಾ?" ಅಂದ. ತಪ್ಪು ಅವನದಲ್ಲ. ಯೆಜ್ಡಿ ಎಂಬ ಹೆಸರು 2022ರಲ್ಲಿ ಮತ್ತೆ ಹುಟ್ಟಿ ಬಂದಿದೆ; ಅದು ಬೇರೆಯೇ ಇಂಜಿನ್ನಿನ, ನಾಲ್ಕು ಸ್ಟ್ರೋಕಿನ, ನೀರು ಕುಡಿದು ತಣ್ಣಗಾಗುವ ಗಾಡಿ. ಹೆಸರೊಂದು ಬಿಟ್ಟರೆ ನನ್ನದಕ್ಕೂ ಅದಕ್ಕೂ ಒಂದು ನಟ್ಟಿನ ನೆಂಟಸ್ತಿಕೆಯೂ ಇಲ್ಲ. ಅಂಗಡಿಗೆ ಬಂದವರಲ್ಲಿ ಅರ್ಧ ಜನ ಸ್ಕೂಟರಿನವರು. ಅವರ ಗಾಡಿಗಳಲ್ಲಿ ಓಡುವುದು ಬೆಲ್ಟು, ಚೈನೇ ಇಲ್ಲ. ನನ್ನ ಕೈಯಲ್ಲಿದ್ದ ಜಿಡ್ಡುಜಿಡ್ಡಾದ ಹಲ್ಲಿನ ತಟ್ಟೆಯನ್ನು ಒಬ್ಬ ಹೆಣ್ಣುಮಗಳು ಕನಿಕರದಿಂದ ನೋಡಿ ದಾರಿ ಬಿಟ್ಟಳು.

ಇನ್ನು ಜೆ.ಸಿ. ರಸ್ತೆಯೇ ಗತಿ. ಮೆಟ್ರೋದಲ್ಲಿ ಯಶವಂತಪುರದಿಂದ ಮಾರ್ಕೆಟ್ಟಿಗೆ ಸೀದಾ ಹೋಗಬಹುದು. ಆದರೆ ಮೊದಲು ಚೀಲವನ್ನು ಸ್ಕ್ಯಾನರಿನೊಳಗೆ ಕಳಿಸಬೇಕು. ಪರದೆಯ ಮೇಲೆ ದುಂಡಗೆ, ಸುತ್ತ ಹಲ್ಲಿರುವ ಕಪ್ಪು ಆಕೃತಿ ಮೂಡಿತು. ಕೂತಿದ್ದ ಸೆಕ್ಯುರಿಟಿಯವರು ಬೆಲ್ಟು ನಿಲ್ಲಿಸಿದರು.

"ಏನ್ ಸಾರ್ ಇದು, ಸುದರ್ಶನ ಚಕ್ರ ಇದ್ದ ಹಾಗಿದೆ?"

"ಸ್ಪ್ರಾಕೆಟ್ಟು. ಯೆಜ್ಡಿದು."

ಅವರ ಮುಖವೇ ಬದಲಾಯಿತು. ಮಾವನ ಹತ್ತಿರ ರೋಡ್‌ಕಿಂಗ್ ಇತ್ತಂತೆ, ತಿಪಟೂರಿನಲ್ಲಿ. ಕಿಕ್ಕರ್ ಹಿಂದೆ ಬಡಿದು ಮೊಣಕಾಲಿಗೆ ಹೊಲಿಗೆ ಬಿದ್ದ ಕಥೆಯನ್ನು ಅವರು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆದು ಮೆಟ್ಟಿಲಿನವರೆಗೆ ಹೋಗಿತ್ತು. ಕೊನೆಗೆ ಕೇಳಿದರು: "ಪಾರ್ಟ್ಸ್ ಸಿಗುತ್ತಾ?"

ಜೆ.ಸಿ. ರಸ್ತೆ ಎಂದರೆ ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರೂ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರೇ. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿಕೊಂಡ ಆ ಕಾರ್ಖಾನೆಯ ಪಳೆಯುಳಿಕೆಗಳನ್ನು ಉದ್ಘಾಟಕರ ಹೆಸರಿನ ರಸ್ತೆಯಲ್ಲಿ ಹುಡುಕುವುದರಲ್ಲಿ ಒಂದು ಔಚಿತ್ಯ ಇದೆ ಅಂತ ನನಗೆ ನಾನೇ ಹೇಳಿಕೊಂಡೆ. ಬಿಸಿಲು ಜೋರಾಗಿತ್ತು, ಏನಾದರೂ ಹೇಳಿಕೊಳ್ಳಬೇಕಿತ್ತು.

ಅಲ್ಲಿನ ಒಂದು ಅಂಗಡಿ ಅಗಲದಲ್ಲಿ ಒಬ್ಬ ಮನುಷ್ಯನಷ್ಟು, ಉದ್ದದಲ್ಲಿ ಕೊನೆಯೇ ಕಾಣದಷ್ಟು. ಗಲ್ಲಾದ ಹಿಂದಿನ ಹಿರಿಯರು ನನ್ನ ಸ್ಪ್ರಾಕೆಟ್ಟನ್ನು ಕಣ್ಣೆತ್ತಿ ನೋಡದೆ ಬೆರಳಿನಲ್ಲೇ ತಡವಿ, "ಒರಿಜಿನಲ್ ಬೇಕಾ, ಕಂಪನಿದು ಬೇಕಾ, ಲೋಕಲ್ ಬೇಕಾ?" ಅಂದರು.

"ಒರಿಜಿನಲ್‌ಗೂ ಕಂಪನಿಗೂ ಏನು ವ್ಯತ್ಯಾಸ?"

"ಐನೂರು ರೂಪಾಯಿ."

ಚೈನು ತೊಂದರೆ ಕೊಡಲಿಲ್ಲ. ಚೈನಿಗೆ ಗಾಡಿಯ ಹೆಸರು ಬೇಕಿಲ್ಲ, ನಂಬರು ಸಾಕು. 428 ಅಂದರೆ ಸಾಕು, ಕೊಯಮತ್ತೂರಿನ ರೋಲಾನ್, ಚೆನ್ನೈನ ಡೈಮಂಡ್, ಯಾವುದು ಬೇಕೋ ಅದು ಡಬ್ಬದಿಂದ ಬರುತ್ತದೆ. ಮೊದಲ ಅಂಕಿ, ಒಂದು ಕೊಂಡಿಯ ಉದ್ದ ಇಂಚಿನ ಎಂಟನೇ ಭಾಗಗಳಲ್ಲಿ ಎಷ್ಟು ಎಂದು. ನಾಲ್ಕು ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. ಉಳಿದೆರಡು ಅಂಕಿಗಳು ಅಗಲಕ್ಕೆ. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬಾತ ಬುಷ್ಷು, ರೋಲರುಗಳ ಚೈನು ಮಾಡಿದ. ಇವತ್ತಿಗೂ ಅದರ ಒಳಗುಟ್ಟು ಬದಲಾಗಿಲ್ಲ. ಇಷ್ಟು ನಿಯತ್ತಿನ ವಸ್ತು ಮೋಟಾರು ಪ್ರಪಂಚದಲ್ಲಿ ಇನ್ನೊಂದಿಲ್ಲ. ಮುಂದಿನ ಸ್ಪ್ರಾಕೆಟ್ಟೂ ಸಿಕ್ಕಿತು. ತಕರಾರು ಹಿಂದಿನದರದು.

ಹಿರಿಯರು ಒಳಗಿನ ಕತ್ತಲಿನಿಂದ ಎಣ್ಣೆಕಾಗದದ ಪೊಟ್ಟಣವೊಂದನ್ನು ತರಿಸಿ ಬಿಚ್ಚಿದರು. "ಹಳೇ ಸ್ಟಾಕು. ಮೈಸೂರು ಫ್ಯಾಕ್ಟ್ರಿ ಮಾಲು." ಗ್ಯಾರಂಟಿ ಏನು ಅಂದೆ. "ತುಕ್ಕು ನೋಡಿ ಸಾರ್. ಹೊಸ ಮಾಲಿಗೆ ಈ ತುಕ್ಕು ಬರುತ್ತಾ?" ತುಕ್ಕೇ ಸರ್ಟಿಫಿಕೇಟು! ಹೇಳಿದ ಬೆಲೆ ಕೇಳಿ, ನಾನೂ ಚಿಕ್ಕಪ್ಪನ ಸೊಸೈಟಿಯಲ್ಲಿ ಸಾಲ ಎತ್ತಬೇಕಾದೀತು ಅನ್ನಿಸಿತು. ಆದರೂ ಕೊಳ್ಳುವವನೇ ಇದ್ದೆ. ಒರಿಜಿನಲ್ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮಂಥವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಕಾಪಾಡಿದ್ದು ನಡುವಿನ ತೂತು. ನನ್ನ ಹಳೆಯದರ ಮೇಲಿಟ್ಟು ನೋಡಿದರೆ ತೂತು ಚಿಕ್ಕದು; ಅದು ಬೇರಾವುದೋ ಮಾಡೆಲ್ಲಿನದು. "ಲೇತಲ್ಲಿ ದೊಡ್ಡದು ಮಾಡಿಸ್ಕೊಳ್ಳಿ" ಅಂದರು ಹಿರಿಯರು. ಒರಿಜಿನಲ್ಲನ್ನು ಕೊಂಡು ಲೇತಿನಲ್ಲಿ ಕೆರೆಸಿ ಹಾಕಿಕೊಂಡರೆ ಅದು ಆಮೇಲೆ ಏನಾಗುತ್ತದೆ? ಈ ಅನುಮಾನ ಹೊತ್ತುಕೊಂಡು, ಪೊಟ್ಟಣ ಅಲ್ಲೇ ಬಿಟ್ಟು ಬಂದೆ.

ಅನುಮಾನ ಒಂದಲ್ಲ. ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್‌ನಲ್ಲಿ ಬೈಕಿನ ಕಾರ್ಖಾನೆ ಶುರುಮಾಡಿದ್ದು ಜರ್ಮನಿಯ ವಾಂಡರರ್ ಕಂಪನಿಯ ಗಾಡಿಯ ಹಕ್ಕು ಕೊಂಡು. ರೋಮನ್ ಲಿಪಿಯಲ್ಲಿ ತನ್ನ ಹೆಸರಿನ ಮೊದಲೆರಡು ಅಕ್ಷರ, ಅವರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಅಂದ. ಆ ಜೆಕ್ ಜಾವಾದ ಪರವಾನಗಿ ತಂದು ಮೈಸೂರಿನಲ್ಲಿ ನಮ್ಮ ಜಾವಾ, ಆಮೇಲೆ ಯೆಜ್ಡಿ. ಚಿಕ್ಕಪ್ಪನ ಎಚ್‌ಎಂಟಿಯೂ ಅಷ್ಟೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕನ್ ಜೊತೆ ಸೇರಿ ಲೇತು. ಮೈಸೂರಿನಲ್ಲಿ ಜಾವಾ ಶುರುವಾದ ಅದೇ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಜಾಲಹಳ್ಳಿಯಲ್ಲಿ ಗಡಿಯಾರ. ಎಲ್ಲರೂ ಎಲ್ಲಿಂದಲೋ ತಂದು, ಕಲಿತು, ಇಲ್ಲಿನದು ಮಾಡಿಕೊಂಡವರೇ. ನಾನು ನೋಡಿದ ಮಟ್ಟಿಗೆ ಮಾಲು ಒರಿಜಿನಲ್ ಆಗುವುದು ಕಂಪನಿ ಮುಚ್ಚಿದ ಮೇಲೆ. ಅಲ್ಲಿಯವರೆಗೆ ಅದು ಬರೀ ಮಾಲು. ಚಿಕ್ಕಪ್ಪನ ಬಾಯಲ್ಲಿ ಒರಿಜಿನಲ್ ಎಂಬ ಮಾತು ನಾನು ಕೇಳಿದ್ದೇ ಇಲ್ಲ. ಅವರು ಕೇಳುತ್ತಿದ್ದುದು, "ಅಳತೆ ಸರಿ ಇದೆಯೇನೋ?"

ಇದನ್ನೆಲ್ಲ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ನನ್ನವಳು ಅನ್ನ ಬಡಿಸುತ್ತಾ, "ರೀ, ರಾಮಯ್ಯ ಡೆಂಟಲ್ ಕಾಲೇಜಲ್ಲಿ ಹೋದ ವರ್ಷ ದವಡೆ ಹಲ್ಲು ಹಾಕಿಸ್ಕೊಂಡ್ರಲ್ಲ, ಅದು ಒರಿಜಿನಲ್ಲಾ?" ಅಂದಳು. ನಾನು ಅದೇ ಹಲ್ಲಿನಲ್ಲಿ ಹಪ್ಪಳ ಕಡಿಯುತ್ತಿದ್ದೆ.

ಹೀಗೆ, ಹೊಸದನ್ನೇ ಮಾಡಿಸಲು ಪೀಣ್ಯಕ್ಕೆ ಹೋದದ್ದು. ಮೆಟ್ರೋದ ಅದೇ ಹಸಿರು ಮಾರ್ಗ, ಯಶವಂತಪುರದಿಂದ ಎದುರು ದಿಕ್ಕಿಗೆ. ಪೀಣ್ಯದಲ್ಲಿ ಸಿಗದ ವಸ್ತುವಿಲ್ಲ, ಆದರೆ ಯಾವುದೂ ಒಂದೇ ಶೆಡ್ಡಿನಲ್ಲಿ ಸಿಗುವುದಿಲ್ಲ. ಉಕ್ಕು ಕತ್ತರಿಸುವವರು ಒಂದು ಬೀದಿ, ಲೇತಿನವರು ಇನ್ನೊಂದು, ಹಲ್ಲು ಕೊರೆಯುವ ಹಾಬಿಂಗಿನವರು ಮತ್ತೊಂದು, ಹಾರ್ಡನಿಂಗಿನವರು ಅದರಾಚೆ. ಮೇಸ್ತ್ರಿ ಹೇಳಿಕಳಿಸಿದ್ದ ಶೆಡ್ಡಿನ ಮಾಲೀಕರು ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಬಾಗಿಲಲ್ಲೇ ಒಂದು ಹಳೆಯ ಎಚ್‌ಎಂಟಿ ಲೇತು ತಿರುಗುತ್ತಿತ್ತು, ಕೈ ತಾಗಿ ತಾಗಿ ಹೆಸರಿನ ಅಕ್ಷರಗಳು ನುಣ್ಣಗಾಗಿದ್ದವು. ಅದರ ಮುಂದೆ ನಾನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಅದು ಚಿಕ್ಕಪ್ಪ ಇದ್ದ ಕಾಲದಲ್ಲಿ ಜೋಡಿಸಿದ್ದೋ ಅಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ಮಾಲೀಕರು ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ಸುತ್ತಲೂ ಎಣಿಸಿದರು. ಇನ್ನೊಮ್ಮೆ ಹಿಂದುಮುಂದಾಗಿ ಎಣಿಸಿದರು. "ಇದೇ ಥರ ಮಾಡಿಕೊಡಿ" ಅಂದೆ. ಅವರು ಮೊದಲ ಸಲ ನಕ್ಕರು. "ಇದೇ ಥರ ಮಾಡಿದ್ರೆ ಸವೆದಿರೋದೇ ಬರುತ್ತೆ. ಹಲ್ಲು ನೋಡಿ ಮಾಡೋದಲ್ಲ ಸಾರ್, ಎಣಿಸಿ ಮಾಡೋದು."

ಹಲ್ಲುಗಳ ಸಂಖ್ಯೆ, ಕೊಂಡಿಯ ಉದ್ದ, ಇವೆರಡು ಗೊತ್ತಿದ್ದರೆ ಉಳಿದದ್ದು ಲೆಕ್ಕ. 180 ಡಿಗ್ರಿಯನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ, ಬಂದ ಕೋನದ ಸೈನ್ ಹಿಡಿದು, ಅದರಿಂದ 12.7ನ್ನು ಭಾಗಿಸಿದರೆ ಚೈನಿನ ಪಿನ್ನುಗಳು ಕೂರುವ ವೃತ್ತದ ವ್ಯಾಸ. 46 ಹಲ್ಲಾದರೆ 186 ಮಿಲಿಮೀಟರಿನ ಆಸುಪಾಸು. ಎಸ್ಸೆಸ್ಸೆಲ್ಸಿಯಲ್ಲಿ ಇದರಿಂದ ಏನು ಪ್ರಯೋಜನ ಎಂದು ಬೈದುಕೊಂಡು ಬಾಯಿಪಾಠ ಮಾಡಿದ್ದ ಸೈನು, ಕೊಸೈನುಗಳು ಪೀಣ್ಯದ ಒಂದು ಶೆಡ್ಡಿನಲ್ಲಿ ಇಷ್ಟು ಕಾಲ ನನಗಾಗಿ ಕಾದಿದ್ದವು! ಅಂದರೆ, ಕಾರ್ಖಾನೆ ಮುಚ್ಚಿದರೂ, ನಕ್ಷೆ ಕಳೆದುಹೋದರೂ, ಹಲ್ಲೆಲ್ಲ ಉದುರಿದರೂ, ಎಣಿಸಲು ಬಂದರೆ ಸ್ಪ್ರಾಕೆಟ್ಟು ಮತ್ತೆ ಹುಟ್ಟುತ್ತದೆ. ಇಎನ್-8 ಉಕ್ಕು, ಹಲ್ಲು ಕೊರೆದ ಮೇಲೆ ತುದಿಗಳಿಗೆ ಇಂಡಕ್ಷನ್ ಹಾರ್ಡನಿಂಗ್, ನಡುವಿನ ಭಾಗ ಮೆತ್ತಗೇ ಇರಬೇಕು, ಇಲ್ಲದಿದ್ದರೆ ಬಿರಿಯುತ್ತದೆ ಎಂದು ಅವರು ವಿವರಿಸಿದರು. ಎಲ್ಲ ಸರಿ, ಒಂದೇ ಅಡ್ಡಿ.

"ಒಂದು ಪೀಸಿಗೆ ಮೆಷಿನ್ ಸೆಟ್ಟಿಂಗ್ ಮಾಡೋಕಾಗಲ್ಲ ಸಾರ್. ಹತ್ತು ಮಾಡಿಸಿ."

ಭಾನುವಾರ ಬೆಳಿಗ್ಗೆ ಜೆ.ಪಿ. ಪಾರ್ಕಿನ ಗೇಟಿನ ಆಚೆ ಟೀ ಕುಡಿಯುವ ನಾವು ಕೆಲವರು ಎರಡು ಸ್ಟ್ರೋಕಿನ ಬಳಗದವರು. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಎಂಬ ವಿಷಯದ ಮೇಲೆ ಇಷ್ಟು ವರ್ಷ ಜಗಳ ಆಡಿಯೂ ಬೇರೆಯಾಗದ ಗಟ್ಟಿ ಸ್ನೇಹ. ವಿಷಯ ಮುಂದಿಟ್ಟೆ. ಎಲ್ಲರೂ ಕೈ ಎತ್ತಿದರು. ಅಡ್ವಾನ್ಸ್ ಅಂದೆ. ಎತ್ತಿದ ಕೈಗಳು ಜೇಬಿನ ಕಡೆ ಇಳಿಯದೆ ಗಡ್ಡದ ಕಡೆ ಹೋದವು. "ಪೀಣ್ಯದ್ದಾ? ಲೋಕಲ್ ಅಲ್ವೇನ್ರೀ?" ಅಂದರು ಒಬ್ಬರು. ಅವರ ಗಾಡಿಯ ಸೀಟು ಶಿವಾಜಿನಗರದ್ದು, ಕಾರ್ಬ್ಯುರೇಟರು ಇನ್ನಾವುದೋ ಗಾಡಿಯದು, ಟ್ಯಾಂಕಿನ ಬಣ್ಣ ಎಲ್ಲಿಯದೂ ಅಲ್ಲ. ನಾನು ಟೀ ಮುಗಿಸಿ, ಹತ್ತಕ್ಕೂ ನಾನೇ ದುಡ್ಡು ಕಟ್ಟಿದೆ.

ಮಾಲು ಬಂದ ದಿನ ಮೇಸ್ತ್ರಿ ಗಾಡಿ ಜೋಡಿಸಲು ಕೂತ. ರಬ್ಬರುಗಳೂ ಹೊಸವು. ಚೈನು ಕೂಡಿಸಿ ಲಾಕು ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ ಇದೆಯೇ ಎಂದು ನಾನು ಬಗ್ಗಿ ನೋಡಿದೆ; ಅವನು ನನ್ನನ್ನು ನೋಡಿದ. ಸುಮ್ಮನೆ ಹಿಂದೆ ಸರಿದೆ.

ಓಡಿಸಿ ನೋಡಲು ಎಚ್‌ಎಂಟಿ ಕಡೆಗೆ ತಿರುಗಿಸಿದೆ. ಕಟಕಟ ಇಲ್ಲ. ಸೈಲೆನ್ಸರುಗಳ ಸದ್ದಷ್ಟೇ ಉಳಿದು, ಗಾಡಿ ಇದ್ದಕ್ಕಿದ್ದಂತೆ ಚಿಕ್ಕ ವಯಸ್ಸಿನದಾಗಿತ್ತು, ನಾನು ಆಗಿರಲಿಲ್ಲ. ಗಡಿಯಾರದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಜಾಲಹಳ್ಳಿಯ ಎಚ್‌ಎಂಟಿ ಆವರಣದಲ್ಲಿ 2019ರಿಂದ ಮ್ಯೂಸಿಯಂ ಇದೆ. ಹಳೆಯ ಯಂತ್ರಗಳನ್ನು, ಗಡಿಯಾರಗಳನ್ನು ಮಕ್ಕಳು ಗಾಜಿನಾಚೆಯಿಂದ ನೋಡುತ್ತಾರೆ, ಕೊನೆಯಲ್ಲಿ ಒಂದು ಸೆಲ್ಫಿ. ಚೆನ್ನಾಗಿದೆ ಮ್ಯೂಸಿಯಂ, ನೋಡಬೇಕಾದ್ದೇ. ಆದರೂ ನನಗೆ ಪೀಣ್ಯದ ಬಾಗಿಲಲ್ಲಿ ಎಣ್ಣೆ ಕುಡಿಯುತ್ತಾ ತಿರುಗುತ್ತಿದ್ದ ಆ ಲೇತಿನ ಮೇಲೆಯೇ ಹೆಚ್ಚು ಪ್ರೀತಿ. ಅದಕ್ಕೆ ಯಾರೂ ಟಿಕೆಟ್ಟು ಇಟ್ಟಿಲ್ಲ, ಅದರ ಬಗ್ಗೆ ಯಾರೂ ಫಲಕ ಬರೆದಿಲ್ಲ. ಬರೆಸಿಕೊಳ್ಳಲು ಅದಕ್ಕೆ ಪುರುಸೊತ್ತೂ ಇಲ್ಲ.

ಉಳಿದ ಒಂಬತ್ತು ಸ್ಪ್ರಾಕೆಟ್ಟುಗಳು ಅಡುಗೆಮನೆಯ ಅಟ್ಟ ಸೇರಿದವು, ಗೌರಿ ಹಬ್ಬದ ಪಾತ್ರೆಗಳ ಪಕ್ಕದಲ್ಲಿ. ಈ ಸುದ್ದಿ ಹೇಗೆ ಹಬ್ಬುತ್ತದೋ ದೇವರಿಗೇ ಗೊತ್ತು. ಗಡ್ಡ ಕೆರೆದುಕೊಂಡಿದ್ದವರು ಒಬ್ಬೊಬ್ಬರಾಗಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಕತ್ತಲಾದ ಮೇಲೆ ಬಂದು ಒಯ್ದರು. ಮೊನ್ನೆ ಯಲಹಂಕದಿಂದ ಒಬ್ಬ ಹುಡುಗ ಬಂದಿದ್ದ. ಅಜ್ಜನ ಗಾಡಿಯಂತೆ. ಸ್ಪ್ರಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಒರಿಜಿನಲ್ ಸಿಗಲ್ವಾ ಅಂಕಲ್?" ಅಂದ.

ನಾನು ಕುರ್ಚಿ ಎಳೆದುಕೊಂಡು ಕೂತೆ. 1929ರಿಂದ ಶುರುಮಾಡಬೇಕಿತ್ತು. ಯಾನೆಚೆಕ್ ಇನ್ನೂ ಪ್ರಾಗ್ ಬಿಟ್ಟು ಹೊರಟಿರಲಿಲ್ಲ, ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು.

"ರೀ, ಕೊಟ್ಟು ಕಳಿಸ್ರೀ, ಹಂಡೆ ಇಡೋಕೆ ಜಾಗ ಇಲ್ಲ. ನೂರು ರೂಪಾಯಿ ಕಮ್ಮಿ ಮಾಡ್ಕೊಳಪ್ಪ!"